ಚನಿಯನೂ ಕ್ವಾಮೆಯೂ: ಹೆಸರು ಹುಟ್ಟಿಸುವ ಯಂತ್ರದ ಬಗ್ಗೆ ಒಂದು ತಕರಾರು

ಹೆಸರುಗಳೆಂದರೆ ನಮಗೆ ಹುಚ್ಚು. ಇದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗುವುದು ಒಳ್ಳೆಯದು. ಮದುವೆ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗುವ ನೆಂಟರ ಪಟ್ಟಿಯನ್ನು ಬಿಡದೆ ಓದುವುದು, ಬಸ್ಸಿನ ಕಿಟಕಿಯಿಂದ ಅಂಗಡಿ ಬೋರ್ಡು ಓದುವುದು, ಶಾಲೆಯ ಹಳೇ ಹಾಜರಿ ಪುಸ್ತಕವನ್ನು ಕಾದಂಬರಿಯ ಹಾಗೆ ಓದುವುದು ನಮ್ಮ ಬಳಗದಲ್ಲಿ ಅರ್ಧಕ್ಕರ್ಧ ಜನರಿಗೆ ಇರುವ ಚಟ. ಹಾಗಾಗಿ ಹಳ್ಳಿ ಮೇಷ್ಟ್ರಾಗಿರುವ ನಮ್ಮ ಗೆಳೆಯರೊಬ್ಬರು ಕಂಪ್ಯೂಟರ್ ಕಲಿತು, ಗುಂಡಿ ಒತ್ತಿದರೆ ಹೊಸ ಹೆಸರು ಹುಟ್ಟಿಸುವ ಒಂದು ಯಂತ್ರ ಮಾಡಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವರು ನಾವೇ.

ಕಲ್ಪನೆಯ ಲೋಕದ ಕಥೆ ಬರೆಯುವವರಿಗೆ, ಅಂಥ ಲೋಕದ ಆಟ ಆಡುವವರಿಗೆ ಹೊರದೇಶಗಳಲ್ಲಿ ಇಂಥ ಯಂತ್ರಗಳು ಬೇಕಾದಷ್ಟಿವೆ. ರಾಜನಿಗೊಂದು, ಮಾಟಗಾತಿಗೊಂದು, ಪಾಳುಬಿದ್ದ ಊರಿಗೊಂದು ಹೆಸರು ಕೇಳಿದರೆ ಕೊಡುತ್ತವೆ. ನಮ್ಮದು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಡೆಸುವ ಕಥಾ ಶಿಬಿರಕ್ಕೆ ಮಾಡಿದ್ದು. ಮಕ್ಕಳು ಕಥೆ ಚೆನ್ನಾಗೇ ಕಟ್ಟುತ್ತಾರೆ, ಹೆಸರಿನ ಹತ್ತಿರ ಬಂದು ಮುಗ್ಗರಿಸುತ್ತಾರೆ; ಹತ್ತು ಮಕ್ಕಳ ಹತ್ತು ಕಥೆಯಲ್ಲೂ ವಿಕ್ರಮ ರಾಜನೇ ಆಳುತ್ತಿರುತ್ತಾನೆ. ಅದಕ್ಕೆ ಯಂತ್ರದಲ್ಲಿ ಎರಡು ಡಬ್ಬಿ ಇಟ್ಟಿದ್ದರು. ಒಂದರ ಮೇಲೆ ‘ವೀರರು’ ಅಂತ. ಇನ್ನೊಂದರ ಮೇಲೆ ‘ರಾಕ್ಷಸರು, ಆಳುಗಳು’ ಅಂತ.

ಎರಡನೇ ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಎರಡನೇ ಡಬ್ಬಿಯ ಗುಂಡಿ ಒತ್ತಿದಳು. ಪರದೆಯ ಮೇಲೆ ‘ಕೆಂಚ’ ಅಂತ ಬಂತು. ಅವಳು ಸ್ವಲ್ಪ ಹೊತ್ತು ನೋಡಿ ಕೇಳಿದಳು: “ಸಾ, ಇದು ನಮ್ ತಾತನ ಹೆಸ್ರು. ಯಾಕ್ ಸಾ ರಾಕ್ಷಸರ ಡಬ್ಬೀಲೈತೆ?”

ಅಲ್ಲಿದ್ದ ನಾಲ್ಕು ಜನರಲ್ಲಿ ಮೂವರು ಕೇರಿಯಿಂದ ಬಂದವರು. ಎರಡು ದಿನದಿಂದ ಆ ಡಬ್ಬಿಯನ್ನು ನೋಡುತ್ತಲೇ ಇದ್ದೆವು. ಕೆಂಚ, ಕರಿಯ, ಕಾಳ, ಮಾರ, ತಿಪ್ಪ, ಹುಚ್ಚ, ಎಲ್ಲ ನಮ್ಮ ನಮ್ಮ ಮನೆಯ ಹಿರಿಯರು ಅಲ್ಲಿ ಸಾಲಾಗಿ ಕೂತಿದ್ದರು. ನಮಗೆ ಕಾಣಿಸಿರಲಿಲ್ಲ. ಬೇರೆಯವರ ಕವಿತೆಯಲ್ಲಿ, ಕಾದಂಬರಿಯಲ್ಲಿ ಜಾತಿಯ ವಾಸನೆ ಹಿಡಿದು ಪುಟಗಟ್ಟಲೆ ಬರೆಯುವ ನಮಗೆ ನಮ್ಮ ಕೈಯಾರೆ ಮಾಡಿದ ಆಟಿಕೆಯಲ್ಲಿ ಅದು ಹೊಡೆಯಲಿಲ್ಲ. ಮೇಷ್ಟ್ರು ಪಾಪ ತಡವರಿಸಿ, “ರಾಕ್ಷಸರಿಗೆ ಸ್ವಲ್ಪ ಒರಟು ಶಬ್ದ ಬೇಕಲ್ಲಮ್ಮ” ಅಂದರು. ಹುಡುಗಿ ಆಮೇಲೆ ಏನೂ ಕೇಳಲಿಲ್ಲ. ನಾವು ಕೇಳಿಕೊಳ್ಳಬೇಕಾಯಿತು.

ಯಂತ್ರದ ಒಳಗೆ ಮಾಯ ಮಂತ್ರ ಏನೂ ಇಲ್ಲ. 1913ರಲ್ಲಿ ರಷ್ಯಾದ ಗಣಿತಜ್ಞ ಮಾರ್ಕೋವ್, ಪುಷ್ಕಿನ್‌ನ ಕಾವ್ಯವೊಂದರ 20,000 ಅಕ್ಷರಗಳನ್ನು ಕೂತು ಕೈಯಲ್ಲೇ ಎಣಿಸಿದ. ಸ್ವರ ಆದ ಮೇಲೆ ವ್ಯಂಜನ ಎಷ್ಟು ಸಲ, ವ್ಯಂಜನ ಆದ ಮೇಲೆ ಸ್ವರ ಎಷ್ಟು ಸಲ ಅಂತ. ಒಂದರ ಬೆನ್ನಿಗೆ ಇನ್ನೊಂದು ಬರುವುದಕ್ಕೆ ಒಂದು ಲೆಕ್ಕಾಚಾರ ಇದೆ ಅನ್ನುವುದನ್ನು ತೋರಿಸಿದ. ಹೆಸರಿನ ಯಂತ್ರ ಮಾಡುವುದೂ ಅದನ್ನೇ. ನಾವು ಕೊಟ್ಟ ಪಟ್ಟಿಯಲ್ಲಿ ‘ಮಾ’ ಆದ ಮೇಲೆ ‘ರ’ ಎಷ್ಟು ಸಲ, ‘ದ’ ಎಷ್ಟು ಸಲ ಎಂದು ಎಣಿಸಿಟ್ಟುಕೊಂಡು, ಆ ಲೆಕ್ಕದ ಪ್ರಕಾರ ದಾಳ ಉರುಳಿಸುತ್ತದೆ. ಪಟ್ಟಿ ದೊಡ್ಡದಿದ್ದರೆ ಯಾರೂ ಕೇಳದ ಹೆಸರು ಹುಟ್ಟುತ್ತದೆ. ಚಿಕ್ಕದಿದ್ದರೆ ನುಂಗಿದ್ದನ್ನೇ ಕಕ್ಕುತ್ತದೆ. ಕೆಂಚ ಆಚೆ ಬಂದದ್ದು ಹೀಗೆ. ಯಂತ್ರಕ್ಕೆ ರಾಕ್ಷಸ ಗೊತ್ತಿಲ್ಲ, ಆಳು ಗೊತ್ತಿಲ್ಲ, ಡಬ್ಬಿಯ ಮೇಲಿನ ಚೀಟಿಯೂ ಗೊತ್ತಿಲ್ಲ. ಚೀಟಿ ಅಂಟಿಸಿದವರು ನಾವು.

(ಕನ್ನಡದಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕುಂಟು. ‘ಸಿದ್ದ’ ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರಿಗೆ ಸ, ಗುಡಿಸು, ದ, ಒತ್ತಿನ ಗುರುತು, ಮತ್ತೊಂದು ದ, ಹೀಗೆ ಐದು ತುಂಡು. ತುಂಡು ತುಂಡಾಗಿ ಎಣಿಸಿದರೆ ಗುಡಿಸು ಒಂದು ಕಡೆ ಅನಾಥವಾಗಿ ಬಿದ್ದಿರುತ್ತದೆ, ಒತ್ತು ಇನ್ನೊಂದು ಕಡೆ. ಅಕ್ಷರವನ್ನು ಅಕ್ಷರವಾಗಿಯೇ ಹಿಡಿದು ಎಣಿಸಬೇಕು ಅನ್ನುವುದು ಮೇಷ್ಟ್ರಿಗೆ ಎರಡು ವಾರ ಆದ ಮೇಲೆ ಹೊಳೆಯಿತು. ಈ ಕೆಲಸಕ್ಕೆ ಕೈ ಹಾಕುವ ಗೆಳೆಯರು ಎರಡು ವಾರ ಉಳಿಸಿಕೊಳ್ಳಲಿ ಅಂತ ಇಲ್ಲಿ ಬರೆದಿದ್ದೇವೆ.)

1984ರಲ್ಲಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಬ್ರೇಬೆನ್ ಮತ್ತು ಬೆಲ್, ‘ಎಲೀಟ್’ ಅನ್ನುವ ಆಟ ಮಾಡಿದರು. ಅದರಲ್ಲಿ ಎಂಟು ತಾರಾಮಂಡಲ, ಒಂದೊಂದರಲ್ಲಿ 256 ಲೋಕ. ಎರಡು ಸಾವಿರಕ್ಕೂ ಮಿಕ್ಕಿದ ಆ ಹೆಸರುಗಳನ್ನೆಲ್ಲ ಎರಡೆರಡು ಅಕ್ಷರದ ಜೋಡಿಗಳಿಂದ ಯಂತ್ರವೇ ಹುಟ್ಟಿಸಿತು. ಒಂದು ಲೋಕಕ್ಕೆ ಇಂಗ್ಲಿಷಿನಲ್ಲಿ ಅಂಡು ಅನ್ನುವ ಅರ್ಥದ ಹೆಸರು ಬಂದುಬಿಟ್ಟಿತಂತೆ. ಇಡೀ ತಾರಾಮಂಡಲವನ್ನೇ ತೆಗೆದು ಬಿಸಾಕಿದರು ಅಂತ ಹೇಳುತ್ತಾರೆ. ನಮಗೆ ನಗು ಬಂತು, ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಯಾರೂ ಇಲ್ಲದ ಲೋಕಕ್ಕೆ ಕೆಟ್ಟ ಹೆಸರು ಬಂದರೆ ಸೈರಿಸದ ಮನುಷ್ಯ, ಉಸಿರಾಡುವ ಮನುಷ್ಯನನ್ನು ‘ತಿಪ್ಪಾ’ ಅಂತ ಸಲೀಸಾಗಿ ಕೂಗಿಕೊಂಡು ಬಂದನಲ್ಲ.

ಒರಟು ಶಬ್ದ ಅಂದರಲ್ಲ ಮೇಷ್ಟ್ರು, ಆ ಮಾತಿಗೆ ಬರೋಣ. ಕಲ್ಪನಾಲೋಕದ ಹೆಸರುಗಳಿಗೆಲ್ಲ ಇವತ್ತು ಗುರು ಅನಿಸಿಕೊಂಡಿರುವವರು ಆಕ್ಸ್‌ಫರ್ಡಿನ ಪ್ರೊಫೆಸರ್ ಟೋಲ್ಕಿನ್. ದೊಡ್ಡ ವಿದ್ವಾಂಸ, ಅದರಲ್ಲಿ ಎರಡು ಮಾತಿಲ್ಲ. ಫಿನ್ನಿಶ್ ಭಾಷೆಯ ಇಂಪು ಹಿಡಿದು ಒಂದು ಭಾಷೆ, ವೆಲ್ಶ್ ಭಾಷೆಯ ಇಂಪು ಹಿಡಿದು ಇನ್ನೊಂದು ಭಾಷೆ ಕಟ್ಟಿ ಎಲ್ಫ್‌ಗಳ ಬಾಯಿಗೆ ಕೊಟ್ಟರು. ಅವರ ಹೆಸರು ಗಲಾಡ್ರಿಯೆಲ್, ಲೂಥಿಯೆನ್: ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ. ಶತ್ರು ಸೈನ್ಯದ ಓರ್ಕ್‌ಗಳ ಹೆಸರು ಉಗ್ಲೂಕ್, ಗೋರ್ಬಾಗ್, ಶಾಗ್ರಾಟ್. ಯಾರನ್ನು ಪ್ರೀತಿಸಬೇಕು, ಯಾರನ್ನು ಕೊಂದರೆ ಪಾಪ ಇಲ್ಲ ಅನ್ನುವುದು ಕಥೆ ಶುರುವಾಗುವ ಮೊದಲೇ ಕಿವಿಗೆ ತೀರ್ಮಾನವಾಗಿರುತ್ತದೆ. ಆಮೇಲೆ ಬಂದ ಆಟಗಳೂ ಯಂತ್ರಗಳೂ ಈ ಕಿವಿಯನ್ನೇ ಕಡ ತಂದವು. ಯಾವ ಜನ ಅಂತ ಮೊದಲು ಆರಿಸು, ಹೆಸರು ಆಮೇಲೆ. ಎಲ್ಲೋ ಕೇಳಿದ ಹಾಗಿದೆ ಅಲ್ಲವೆ?

ನಮಗೆ ಇನ್ನೂ ಕುತೂಹಲ ಅನ್ನಿಸಿದ್ದು ಆ ಕಥೆಯ ಒಡೆಯ ಮತ್ತು ಆಳಿನ ಹೆಸರುಗಳು. ಒಡೆಯ ಫ್ರೋಡೋ, ಹಳೇ ಇಂಗ್ಲಿಷಿನ ಆ ಮೂಲದ ಮಾತಿಗೆ ಅನುಭವದಿಂದ ಬುದ್ಧಿ ಬಂದವನು ಅಂತ ಅರ್ಥ. ತೋಟದ ಆಳು ಸ್ಯಾಮ್, ಪೂರ್ತಿ ಹೆಸರು ಸ್ಯಾಮ್‌ವೈಸ್. ಅರೆಬುದ್ಧಿಯವನು ಅಂತ ಅರ್ಥ. ಇದು ನಾವು ಹುಡುಕಿ ಹೊರಿಸಿದ ಆರೋಪ ಅಲ್ಲ, 1955ರಲ್ಲಿ ಬಂದ ಮೂರನೇ ಸಂಪುಟದ ಅನುಬಂಧದಲ್ಲಿ ಸ್ಯಾಮ್ ಹೆಸರಿನ ಅರ್ಥವನ್ನು ಲೇಖಕರೇ ಕೊಟ್ಟಿದ್ದಾರೆ. ಅವನ ಅಪ್ಪನ ಹೆಸರಿಗೂ ಮನೆ ಬಿಟ್ಟು ಕದಲದವನು ಅಂತ ಅರ್ಥ ಇಟ್ಟಿದ್ದಾರೆ. ನ್ಯಾಯವಾಗಿ ಹೇಳಬೇಕೆಂದರೆ, ಆ ಅರೆಬುದ್ಧಿಯವನೇ ಒಡೆಯನನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುತ್ತಾನೆ, ಆಮೇಲೆ ಏಳು ಸಲ ಊರಿನ ಮೇಯರ್ ಆಗುತ್ತಾನೆ. ಟೋಲ್ಕಿನ್‌ಗೆ ಅವನ ಮೇಲೆ ಪ್ರೀತಿ ಇತ್ತು. ಆದರೂ ನೋಡಿ, ಮೇಯರ್ ಆಗುವ ಮನುಷ್ಯ ತನ್ನ ಮೊದಲ ಮಗಳಿಗೆ ಎಲ್ಫ್‌ಗಳ ನಾಡಿನ ಹೂವಿನ ಹೆಸರಿಡುತ್ತಾನೆ, ಮಗನಿಗೆ ಒಡೆಯನ ಹೆಸರಿಡುತ್ತಾನೆ. ಅಪ್ಪನ ಹೆಸರಿನ ಸರದಿ ಬಹಳ ಮಕ್ಕಳಾದ ಮೇಲೆ. ನಮ್ಮ ಅಪ್ಪಂದಿರೂ ಗೌಡರ ಮಗನ ಹೆಸರನ್ನು, ಮೇಷ್ಟ್ರ ಮಗಳ ಹೆಸರನ್ನು ನಮಗೆ ಇಟ್ಟರು. ಅದನ್ನು ಯಾರು ತಪ್ಪು ಅನ್ನಲಾದೀತು.

ಹೆಸರು ಹುಟ್ಟಿಸುವ ನಿಯಮವನ್ನು ಇಂಗ್ಲಿಷರಿಂದ ಕಲಿಯುವ ದರ್ದು ನಮಗೇನೂ ಇರಲಿಲ್ಲ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅಂಬೇಡ್ಕರ್ ಮತ್ತು ಸಂಗಾತಿಗಳು ಸುಟ್ಟ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಅದು ಅಚ್ಚುಕಟ್ಟಾಗಿ ಇದೆ. ಬ್ರಾಹ್ಮಣನ ಹೆಸರಲ್ಲಿ ಮಂಗಳ ಇರಬೇಕು, ಕ್ಷತ್ರಿಯನದ್ದರಲ್ಲಿ ಬಲ, ವೈಶ್ಯನದ್ದರಲ್ಲಿ ಹಣ, ಶೂದ್ರನದ್ದರಲ್ಲಿ ಜುಗುಪ್ಸೆ. ಹೆಸರಿನ ಬಾಲಕ್ಕೂ ನಿಯಮ: ಶೂದ್ರನ ಹೆಸರಿನ ಬಾಲ ಸೇವೆಯನ್ನು ಸೂಚಿಸಬೇಕು. ಹೆಣ್ಣಿನ ಹೆಸರು ಬಾಯಿಗೆ ಸುಲಭವಾಗಿರಬೇಕು, ಕಿವಿಗೆ ಒರಟಾಗಿರಬಾರದು, ದೀರ್ಘ ಸ್ವರದಲ್ಲಿ ಮುಗಿಯಬೇಕು. ಈಗಿನ ಇಂಗ್ಲಿಷ್ ಯಂತ್ರಗಳಲ್ಲಿ ಹೆಣ್ಣಿನ ಹೆಸರು ಕೇಳಿ ನೋಡಿ, ಹತ್ತರಲ್ಲಿ ಬಹುಪಾಲು ‘ಆ’ಕಾರದಲ್ಲೇ ಕೊನೆಯಾಗುತ್ತವೆ. ಇದನ್ನು ಮಾಡಿದ ಹುಡುಗರು ಮನುವನ್ನು ಓದಿದವರಲ್ಲ. ಓದುವ ಅಗತ್ಯವೂ ಇಲ್ಲ ಅನ್ನುವುದೇ ನಮ್ಮ ತಕರಾರು. ನಾಲ್ಕಕ್ಕೆ ನಿಯಮ ಹಾಕಿದ ಪುಸ್ತಕ ಐದನೆಯದು ಇಲ್ಲವೇ ಇಲ್ಲ ಅಂದಿತು, ಅವರ ಹೆಸರಿಗೆ ಜುಗುಪ್ಸೆಯ ನಿಯಮವೂ ದಕ್ಕಲಿಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮ ಹಿರಿಯ ಗೆಳೆಯರು ತಮ್ಮ ಪತ್ರಿಕೆಗೆ ‘ಪಂಚಮ’ ಅಂತ ಹೆಸರಿಟ್ಟದ್ದರ ಹಿಂದೆ ಈ ಲೆಕ್ಕ ಇತ್ತು.

ಪುರಾಣದ ರಾಕ್ಷಸರ ಹೆಸರುಗಳನ್ನೂ ಹೀಗೇ ಓದಬೇಕು. ಮೊರದಂಥ ಉಗುರಿನವಳು ಶೂರ್ಪನಖಿ, ಗಡಿಗೆಯಂಥ ಕಿವಿಯವನು ಕುಂಭಕರ್ಣ, ಕತ್ತೆ ಅಂದರೆ ಖರ, ಕೆಡಿಸುವವನು ದೂಷಣ. ಯಾವ ತಾಯಿ ತೊಟ್ಟಿಲಲ್ಲಿ ಮಲಗಿಸಿ ಮಗನಿಗೆ ‘ಕತ್ತೆ’ ಅಂತ ಹೆಸರಿಟ್ಟಾಳು? ಗೆದ್ದವರ ಪಾಳೆಯದಲ್ಲಿ ಇಟ್ಟ ಹೆಸರುಗಳು ಇವು. ಆ ತಾಯಂದಿರು ಕರೆದ ಹೆಸರು ಯಾವ ಓಲೆಯಲ್ಲೂ ಇಲ್ಲ.

ಕೆಂಚ, ಕಾಳ, ಮಾರ ಅನ್ನುವುದು ಒರಟೆ? ಕೆಂಚ ಅಂದರೆ ಕೆಂಪಗಿರುವವನು. ಮಾರ ಅಂದರೆ ಹಳಗನ್ನಡ ಕಾವ್ಯದ ತುಂಬ ಮನ್ಮಥ. ಅರಮನೆಯ ಪದ್ಯದಲ್ಲಿ ಹೂಬಾಣ ಬಿಟ್ಟ ಮಾರ, ಹಟ್ಟಿಯಲ್ಲಿ ಹುಟ್ಟಿದ ಕೂಡಲೇ ಒರಟಾದ. ಒರಟುತನ ಶಬ್ದದಲ್ಲಿಲ್ಲ, ಕೂಗುವವನ ಗಂಟಲಲ್ಲಿದೆ. ಅದರಲ್ಲೂ ಕನ್ನಡದಲ್ಲಿ ಅದು ಹೆಸರಿನ ಬಾಲದಲ್ಲಿದೆ. ಬೇರು ಎಲ್ಲರಿಗೂ ಒಂದೇ: ಸಿದ್ದ. ಅದೇ ಸಿದ್ದ ಒಂದು ಮನೆಯಲ್ಲಿ ಸಿದ್ದೇಗೌಡ, ಇನ್ನೊಂದು ಮನೆಯಲ್ಲಿ ಸಿದ್ದಪ್ಪ, ಕೇರಿಯಲ್ಲಿ ಬರೀ ಸಿದ್ದ. ಹೊಲದ ಬದುವಿನ ಮೇಲೆ ನಿಂತು ಕರೆದರೆ ‘ಲೇ ಸಿದ್ದಾ’. ನಮ್ಮವರು ಶಾಲೆ ಮೆಟ್ಟಿಲು ಹತ್ತಿದಾಗ ಮೊದಲು ವಶ ಮಾಡಿಕೊಂಡದ್ದು ಈ ಬಾಲವನ್ನು. ಹಾಜರಿ ಪುಸ್ತಕದಲ್ಲಿ ಒಂದು ‘ಅಯ್ಯ’ ಬರೆಸುವುದಕ್ಕೆ ಎಷ್ಟು ಅಪ್ಪಂದಿರು ಮೇಷ್ಟ್ರ ಮುಂದೆ ಕೈಕಟ್ಟಿ ನಿಂತರೋ.

ನಮ್ಮ ಕಾದಂಬರಿಕಾರರಲ್ಲಿ ಕೆಲವರಿಗೆ ಈ ವಿಷಯದಲ್ಲಿ ಕಿವಿ ಚುರುಕಾಗಿತ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ತೆರೆದರೆ ಎದುರಾಗುವ ಗುತ್ತಿಗೆ ಊರವರು ಇಟ್ಟ ಹೆಸರು ನಾಯಿಗುತ್ತಿ. ಅವನ ಜೊತೆ ಬರುವ ನಾಯಿಯ ಹೆಸರು ಹುಲಿಯ. ಮನುಷ್ಯ ನಾಯಿ, ನಾಯಿ ಹುಲಿ! ಇಷ್ಟನ್ನು ಹೇಳಲು ನಾವು ಒಂದು ಭಾಷಣ ಮಾಡುತ್ತೇವೆ, ಕುವೆಂಪು ಹೆಸರಿಟ್ಟು ಸುಮ್ಮನಾದರು.

ಈ ಚರ್ಚೆ ನಡೆಯುವಾಗ ಬಳಗದಲ್ಲಿದ್ದ ಕರಾವಳಿಯ ಗೆಳೆಯರೊಬ್ಬರು ನಕ್ಕರು. “ನಿಮ್ಮ ಯಂತ್ರ ಏನು ಮಹಾ, ನಮ್ಮಲ್ಲಿ ಏಳೇ ಹೆಸರಿನ ಯಂತ್ರ ಇತ್ತು ಮಾರಾಯ್ರೇ” ಅಂದರು. ನಿಜ. ತುಳುನಾಡಿನ ದಲಿತ ಕೇರಿಗಳಲ್ಲಿ ಮಗು ಹುಟ್ಟಿದ ವಾರವೇ ಹೆಸರು. ಆದಿತ್ಯವಾರ ಹುಟ್ಟಿದರೆ ಐತ, ಸೋಮವಾರ ಚೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ಚನಿಯ. ಅಲ್ಲಿಗೆ ಮುಗಿಯಿತು. 1933ರ ಕಾರಂತರ ‘ಚೋಮನ ದುಡಿ’ಯನ್ನು ಈ ಕಿವಿಯಿಂದ ಮತ್ತೊಮ್ಮೆ ಓದಿ. ಅಪ್ಪ ಸೋಮವಾರ, ಒಬ್ಬ ಮಗ ಗುರುವಾರ, ಇನ್ನೊಬ್ಬ ಮಗ ಶನಿವಾರ. ವಾರದ ಏಳು ದಿನವೂ ಅವರು ಗೇಯುವುದು ಸಂಕಪ್ಪಯ್ಯನ ಗದ್ದೆಯಲ್ಲಿ. ಅವನ ಹೆಸರಿನಲ್ಲಿ ಅಪ್ಪನೂ ಇದ್ದಾನೆ, ಅಯ್ಯನೂ ಇದ್ದಾನೆ. ಹೆಸರು ಹುಡುಕಲು ಒಂದು ಗಳಿಗೆ ಪುರಸೊತ್ತು ಇಲ್ಲದವರಿಗೆ ಪಂಚಾಂಗವೇ ಹೆಸರು ಕೊಟ್ಟಿತು ಅಂತ ನಾವು ತಕ್ಷಣ ತೀರ್ಪು ಕೊಟ್ಟೆವು. ಶನಿಯನ್ನು ಚನಿಯ, ಶುಕ್ರನನ್ನು ತುಕ್ರ ಅಂದದ್ದು ನಾಲಿಗೆ ತೊದಲಿದ್ದಲ್ಲ, ಸಂಸ್ಕೃತದ ಗ್ರಹಗಳನ್ನು ತಮ್ಮ ಬಾಯಿಗೆ ಬಗ್ಗಿಸಿಕೊಂಡದ್ದು ಅಂತ ಸಮಾಧಾನವನ್ನೂ ಮಾಡಿಕೊಂಡೆವು.

ಆದರೆ ಈ ತೀರ್ಪು ನಿಲ್ಲಲಿಲ್ಲ. ಆಫ್ರಿಕಾದ ಘಾನಾದಲ್ಲಿ ಅಕಾನ್ ಜನ ಇದ್ದಾರೆ. ಅವರಲ್ಲೂ ಇದೇ ಯಂತ್ರ, ಇದೇ ಏಳು ದಿನ. ಶುಕ್ರವಾರ ಹುಟ್ಟಿದವನು ಕೋಫಿ, ಶನಿವಾರ ಹುಟ್ಟಿದವನು ಕ್ವಾಮೆ. 1957ರಲ್ಲಿ ಘಾನಾವನ್ನು ಬ್ರಿಟಿಷರಿಂದ ಬಿಡಿಸಿದ ಕ್ವಾಮೆ ಎನ್‌ಕ್ರುಮಾ ನಮ್ಮ ಲೆಕ್ಕದಲ್ಲಿ ಚನಿಯ. 1997ರಿಂದ 2006ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ನಮ್ಮ ತುಕ್ರ. ಅಸಾಂಟೆ ರಾಜರಲ್ಲೂ ಕೋಫಿ ಇದ್ದ, ಕ್ವಾಕು ಇದ್ದ. ಅಲ್ಲಿ ರಾಜನಿಗೂ ರೈತನಿಗೂ ವಾರ ಒಂದೇ, ಹೆಸರೂ ಒಂದೇ. ಅದೇ ಜನರನ್ನು ಸರಪಳಿ ಹಾಕಿ ಜಮೈಕಾದ ಕಬ್ಬಿನ ತೋಟಗಳಿಗೆ ಸಾಗಿಸಿದ ಮೇಲೆ ಆದಿತ್ಯವಾರದ ಕ್ವಾಸಿ ಅನ್ನುವ ಹೆಸರು ಬಿಳಿಯ ತೋಟಗಾರರ ಬಾಯಲ್ಲಿ ಪೆದ್ದ ಕರಿಯ ಅನ್ನುವ ಬೈಗುಳವಾಯಿತು. ಹೆಸರು ಬದಲಾಗಿರಲಿಲ್ಲ. ಯಂತ್ರವೂ ಬದಲಾಗಿರಲಿಲ್ಲ. ನೆಲದ ಒಡೆತನ ಬದಲಾಗಿತ್ತು. ಚನಿಯ ಅನ್ನುವ ಹೆಸರಲ್ಲಿ ಹೀನಾಯ ಹುಡುಕಿದ ನಾವು ಯಾರ ಕಿವಿಯಿಂದ ಅದನ್ನು ಕೇಳುತ್ತಿದ್ದೆವು?

ಇಷ್ಟು ಹೊತ್ತಿಗೆ ಗೆಳೆಯರಲ್ಲಿ ಕೆಲವರಿಗೆ ಬೇಸರ ಬಂದಿತ್ತು. ಮಕ್ಕಳ ಆಟಕ್ಕೆ ಇಷ್ಟೊಂದು ತತ್ವಶಾಸ್ತ್ರ ಯಾಕೆ ಅಂದರು. ಆಟವೇ ಆಗಿದ್ದರೆ ನಾವೂ ಬಿಡುತ್ತಿದ್ದೆವು. ಥೋರಾಟ್ ಮತ್ತು ಆಟ್‌ವೆಲ್ ಅನ್ನುವ ಇಬ್ಬರು ವಿದ್ವಾಂಸರು ಪತ್ರಿಕೆಗಳ ಜಾಹೀರಾತು ನೋಡಿ ಖಾಸಗಿ ಕೆಲಸಗಳಿಗೆ ಅರ್ಜಿ ಕಳಿಸಿ ನೋಡಿದರು. ಓದು ಒಂದೇ, ಯೋಗ್ಯತೆ ಒಂದೇ, ಹೆಸರು ಮಾತ್ರ ಬೇರೆ. ದಲಿತ ಹೆಸರಿನ ಅರ್ಜಿಗೆ ಕರೆ ಬಂದದ್ದು ಕಡಿಮೆ. 2007ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಡಬ್ಬಿಯ ಮೇಲೆ ಇದ್ದಂಥದೇ ಒಂದು ಚೀಟಿ ಆ ಕಚೇರಿಗಳ ಮೇಜಿನ ಮೇಲೂ ಇದ್ದಿರಬೇಕು, ಕಣ್ಣಿಗೆ ಕಾಣದ ಹಾಗೆ.

ಇನ್ನು ಕೆಲವರು, ಈ ಹಳೇ ಹೆಸರುಗಳೇ ಬೇಡ, ಸುಟ್ಟುಹಾಕಿ, ಸಿದ್ಧಾರ್ಥ ಗೌತಮ ರಾಹುಲ ಅಶೋಕ ಇಟ್ಟುಕೊಳ್ಳೋಣ ಅಂದರು. ನಮ್ಮ ಮಕ್ಕಳಿಗೆ ಅವನ್ನೇ ಇಟ್ಟಿದ್ದೇವೆ, ಹೆಮ್ಮೆಯಿಂದಲೇ ಇಟ್ಟಿದ್ದೇವೆ. ಆದರೆ ಸುಡುವ ಮುನ್ನ ಏನನ್ನು ಸುಡುತ್ತಿದ್ದೇವೆ ಅಂತ ನೋಡಬೇಡವೆ? ತಿಪ್ಪ ಅನ್ನುವ ಒಂದೇ ಹೆಸರಿಗೆ ನಮ್ಮ ಸೀಮೆಯಲ್ಲಿ ಮೂರು ದಾರಿ ಇವೆ. ಹುಟ್ಟಿದ ಮಕ್ಕಳೆಲ್ಲ ಸತ್ತು, ಮತ್ತೊಂದು ಹುಟ್ಟಿದಾಗ ಅದನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು, ಇದು ಕಸ, ನಿನಗೆ ಬೇಡ ಅಂತ ಸಾವಿಗೇ ಸುಳ್ಳು ಹೇಳಿದ ತಾಯಿ ಇಟ್ಟ ತಿಪ್ಪ ಒಬ್ಬ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಇಟ್ಟ ತಿಪ್ಪ ಇನ್ನೊಬ್ಬ. ಕಸಕ್ಕೆ ಸಮ ಅಂತ ಧಣಿಯ ಮನೆಯ ಬಾಗಿಲಲ್ಲಿ ಆದ ತಿಪ್ಪ ಮತ್ತೊಬ್ಬ. ಮೂರೂ ಜನ ಯಂತ್ರಕ್ಕೆ ಅವವೇ ಎರಡಕ್ಷರ. ಹೀಗೇ ಸಾಕವ್ವ. ದೇವನೂರ ಮಹಾದೇವರ ‘ಒಡಲಾಳ’ ಓದಿದವರು ಆ ಮುದುಕಿಯನ್ನು ಮರೆಯಲಾರರು. ಹೆಣ್ಣು ಹುಟ್ಟಿದ್ದು ಸಾಕು ಅಂತ ಇಟ್ಟ ಸಾಕವ್ವಂದಿರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಸಾಕು ಅಂದರೆ ಸಲಹು ಅಂತಲೂ ಆಗುತ್ತದೆ. ಮನೆಮಂದಿಯನ್ನೆಲ್ಲ ಸಾಕಿದವಳೂ ಅವಳೇ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಬೇಡದವಳು ಅನ್ನುವ ಅರ್ಥದ ‘ನಕುಶಾ’ ಹೆಸರಿನ 285 ಹುಡುಗಿಯರಿಗೆ 2011ರಲ್ಲಿ ಸಭೆ ಸೇರಿಸಿ ಹೊಸ ಹೆಸರು ಕೊಟ್ಟರು. ಅದು ಆಗಬೇಕಾದದ್ದೇ. ಹೆಸರು ತೆಗೆಯುವ ಹಕ್ಕೂ ಇಟ್ಟುಕೊಳ್ಳುವ ಹಕ್ಕೂ ಹೊತ್ತವರದ್ದು. ಮೂರನೆಯವರು ಡಬ್ಬಿ ಹಂಚಬಾರದು, ಅಷ್ಟೆ.

ಶಿಬಿರದ ನಾಲ್ಕನೇ ದಿನ ಮೇಷ್ಟ್ರು ಎರಡು ಡಬ್ಬಿಯನ್ನೂ ಒಡೆದು ಒಂದು ಮಾಡಿದರು. ಪಟ್ಟಿ ಚಿಕ್ಕದಾಗಿತ್ತಲ್ಲ, ಮಕ್ಕಳಿಗೇ ಹೆಸರು ತರಲು ಹೇಳಿದೆವು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಹೆಸರು, ಇಟ್ಟವರು ಯಾರು, ಯಾಕೆ ಇಟ್ಟರು. ಮನೆಗೆ ಹೋಗಿ ಅಜ್ಜಿ ತಾತಂದಿರನ್ನು ಕೇಳಿಕೊಂಡು ಬಂದರು. ಕೆಲವು ಮನೆಗಳಲ್ಲಿ ಇದೇ ಮೊದಲ ಸಲ ಯಾರೋ ಇದನ್ನು ಕೇಳಿದ್ದು. ಒಬ್ಬ ಹುಡುಗನ ಅಜ್ಜಿ ಉತ್ತರ ಹೇಳದೆ ಅತ್ತಳಂತೆ, ಆ ಕಾಲಂ ಅವನು ಖಾಲಿ ಬಿಟ್ಟಿದ್ದ, ನಾವೂ ಹಾಗೇ ಬಿಟ್ಟಿದ್ದೇವೆ. ಕೆಂಚನ ಮೊಮ್ಮಗಳು ಬರೆದುಕೊಂಡು ಬಂದದ್ದು: “ಕೆಂಚ. ಮುತ್ತಜ್ಜಿ ಇಟ್ಟಿದ್ದು. ಹುಟ್ಟಿದಾಗ ಕೆಂಪುಗೆ ಇದ್ದರಂತೆ.” ಆಮೇಲೆ ಯಂತ್ರ ಅವಳಿಗೆ ‘ಸಾಕಿಂಚಿ’ ಅನ್ನುವ ಹೆಸರು ಕೊಟ್ಟಿತು. ಅದನ್ನು ಒಂದು ನದಿಗೆ ಇಟ್ಟಳು. ಕಥೆ ಇನ್ನೂ ಬರೆಯುತ್ತಿದ್ದಾಳೆ, ಮುಗಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಆ ನೋಟ್‌ಬುಕ್ಕಿನಲ್ಲಿ ಈಗ 340 ಹೆಸರು ಇವೆ. ಯಂತ್ರಕ್ಕೆ ಇದು ಸಾಲದು ಅಂತ ಮೇಷ್ಟ್ರು ಹೇಳುತ್ತಾರೆ. ನಿಮ್ಮ ಕೇರಿಯ, ಹಟ್ಟಿಯ, ಹಾಡಿಯ ಹೆಸರುಗಳನ್ನು ಮೂರೂ ಕಾಲಂ ತುಂಬಿ ಪತ್ರಿಕೆಯ ವಿಳಾಸಕ್ಕೆ ಕಾರ್ಡು ಹಾಕಿ. ಮೂರನೇ ಕಾಲಂ ಗೊತ್ತಿಲ್ಲದಿದ್ದರೆ, ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆಯೆ ಅನ್ನುವುದನ್ನಾದರೂ ಬರೆಯಿರಿ.